ಮೊಸರಿನ ಗಡ್ಡೆ ಒಡೆಯದ ಹಾಗೆ

ನನಗೊಂದು ಚಾಳಿಯಿದೆ. ಬಸ್ಸಾಗಲಿ ಆಟೋವಾಗಲಿ, ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ, ರಸ್ತೆಯ ಉಬ್ಬನ್ನು ಹತ್ತಿ ಇಳಿಯುವ ಹೊತ್ತಿಗೆ ಸರಿಯಾಗಿ, ನನ್ನ ಬಾಯಿಂದ ‘ಹೂಂ’ ಎಂಬ ಸದ್ದು ಹೊರಡುತ್ತದೆ. ನೋವಿನ ನರಳಿಕೆಯಲ್ಲ. ಯಾರೋ ಏನೋ ಹೇಳಿದರು, ನನಗೆ ಕೇಳಿಸಿತು ಎನ್ನುವಂಥ ಹೂಂ. ಒಮ್ಮೆ ಪರೀಕ್ಷೆಯ ಕೆಲಸಕ್ಕೆ ಹಾಸನಕ್ಕೆ ಹೋಗುವಾಗ ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿಯೊಬ್ಬರು, ‘ನಿಮ್ಮ ಒಪ್ಪಿಗೆ ಇಲ್ಲದೆ ಈ ಜಿಲ್ಲೇಲಿ ಒಂದು ಗುಂಡೀನೂ ಬೀಳಲ್ಲ ಬಿಡಿ ಮೇಡಂ’ ಎಂದಿದ್ದರು. ನಾನೂ ನಕ್ಕೆ. ನಗುತ್ತಿರುವಾಗಲೇ ಇನ್ನೊಂದು ಗುಂಡಿ ಬಂತು. ನಗು ನಿಲ್ಲಿಸಿ ಹೂಂ ಅಂದು ಮತ್ತೆ ನಗು ಮುಂದುವರಿಸಿದೆನಂತೆ.

ಮೊನ್ನೆ ಅರಸೀಕೆರೆಯಲ್ಲೇ ಒಂದು ಬಾಡಿಗೆ ಮನೆಯಿಂದ ಇನ್ನೊಂದು ಬಾಡಿಗೆ ಮನೆಗೆ ಸಾಮಾನು ಸಾಗಿಸಿದೆ. ಸಣ್ಣದೊಂದು ಗೂಡ್ಸ್ ಗಾಡಿ. ಕಾಲೇಜಿನ ಇತಿಹಾಸದ ಮೇಡಂ ನಾನು, ಮನೆಯಲ್ಲಿ ಪಾತ್ರೆಗಿಂತ ಪುಸ್ತಕವೇ ಹೆಚ್ಚು, ಗಾಡಿ ಚೆನ್ನಾಗಿಯೇ ತುಂಬಿತ್ತು. ನಾನು ಡ್ರೈವರಿನ ಪಕ್ಕ ಕೂತೆ. ಮೊದಲ ಉಬ್ಬು ಬಂತು.

‘ಹೂಂ.’

‘ಏನಂದ್ರಿ ಮೇಡಂ?’

‘ಏನಿಲ್ಲಪ್ಪ.’

ಇನ್ನೊಂದು ಉಬ್ಬು, ಇನ್ನೊಂದು ಹೂಂ.

‘ನಾನೇನೂ ಕೇಳ್ಲೇ ಇಲ್ವಲ್ಲ ಮೇಡಂ!’ ಎಂದು ಆತ ನಕ್ಕ. ಆಮೇಲೆ ನನಗೆ ಹೆದರಿಕೆಯಾಗಿದೆ ಎಂದುಕೊಂಡು ಧೈರ್ಯ ಹೇಳಿದ. ‘ಭಯ ಬೀಳ್ಬೇಡಿ. ಲೋಡ್ ಇದ್ರೆ ನನ್ ಗಾಡಿ ಹಾಸಿಗೆ ಇದ್ದಂಗೆ. ಖಾಲಿ ಇದ್ದಾಗ್ಲೇ ಇದು ತನ್ ಬುದ್ಧಿ ತೋರ್ಸೋದು. ಪ್ಲೇಟ್ ಜಾಸ್ತಿ ಹಾಕ್ಸಿದೀನಲ್ಲ, ಅದಕ್ಕೆ.’

ತುಂಬಿದರೆ ಹಾಸಿಗೆ. ಖಾಲಿಯಾದರೆ ಕುಕ್ಕುತ್ತದೆ. ಈ ಮಾತನ್ನು ಇಷ್ಟು ವರ್ಷಗಳ ಮೇಲೆ ಇನ್ನೊಬ್ಬರ ಬಾಯಲ್ಲಿ ಕೇಳಿದವಳು ಹೊಸ ಮನೆ ಬಂದರೂ ಇಳಿಯದೆ ಕೂತಿದ್ದೆ. ‘ಮೇಡಂ, ಇದೇ ತಾನೇ ಮನೆ?’ ಎಂದು ಆತ ಕೇಳಿದಾಗ ಅದಕ್ಕೂ ಹೂಂ ಅಂದೆ.

ನನ್ನ ಅಪ್ಪನ ಹತ್ತಿರ ಒಂದು ಟೆಂಪೋ ಇತ್ತು. ಜಾವಗಲ್ಲಿನಲ್ಲಿ ಬರೀ ನಂಜಪ್ಪ ಎಂದರೆ ‘ಯಾವ ನಂಜಪ್ಪ?’ ಎನ್ನುವವರು, ಟೆಂಪೋ ನಂಜಪ್ಪ ಎಂದರೆ ಮನೆ ಬಾಗಿಲವರೆಗೆ ಬಂದು ಬಿಟ್ಟುಹೋಗುತ್ತಿದ್ದರು. ಜಾವಗಲ್ ಸುತ್ತಿನ ತೋಟಗಳ ತೆಂಗಿನಕಾಯಿ, ಕೊಬ್ಬರಿ ಎಲ್ಲ ಅರಸೀಕೆರೆಯ ಮಂಡಿಗೆ ಹೋಗುತ್ತಿದ್ದದ್ದು ಅದರಲ್ಲೇ. ಬರುವಾಗ ಸಿಮೆಂಟು, ಹಿಂಡಿ, ಒಮ್ಮೊಮ್ಮೆ ಬೀಗರೂಟಕ್ಕೆ ಹೊರಟವರು. ಅಪ್ಪನಿಗೆ ತನ್ನ ಗಾಡಿಯ ಬಗ್ಗೆ ಒಂದೇ ಒಂದು ಹೆಮ್ಮೆ: ಎಷ್ಟು ಹೇರಿದರೂ ‘ಕೂರಲ್ಲ’. ಬೇರೆಯವರ ಗಾಡಿಗಳು ಹೇರಿದ ಕೂಡಲೇ ಹಿಂದಿನಿಂದ ಕುಸಿದು ಮೂಗೆತ್ತಿ ನಿಲ್ಲುತ್ತಿದ್ದವು. ನಮ್ಮದು ಬೆನ್ನು ನೆಟ್ಟಗೆ ಇಟ್ಟುಕೊಂಡು ನಿಲ್ಲುತ್ತಿತ್ತು.

ಇದಕ್ಕೆ ಕಾರಣ ಅರಸೀಕೆರೆಯ ಮೆಕ್ಯಾನಿಕ್ ರುದ್ರಣ್ಣ. ಗಾಡಿಯ ಅಡಿಯಲ್ಲಿ, ಚಕ್ರದ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿದಿರುತ್ತಾರೆ. ಅದಕ್ಕೇ ಪ್ಲೇಟು ಎನ್ನುವುದು. ಹೇರಿದ ಭಾರವೆಲ್ಲ ಕೂರುವುದು ಅದರ ಮೇಲೆ. ರುದ್ರಣ್ಣನಿಗೆ ಗೊತ್ತಿದ್ದ ಔಷಧಿ ಒಂದೇ. ಗಾಡಿ ಎಡಕ್ಕೆ ಎಳೀತದೆ ಅಂದರೂ, ಟೈರು ಬೇಗ ಸವೀತದೆ ಅಂದರೂ, ಕೊನೆಗೆ ಹಾರ್ನು ಸರಿಯಾಗಿ ಕೇಳಿಸಲ್ಲ ಅಂದರೂ ಆತ ಬಗ್ಗಿ ಕೆಳಗೆ ನೋಡಿ, ‘ಇನ್ನೊಂದು ಪ್ಲೇಟ್ ಹಾಕ್ಬುಡಾನ ಬಿಡು ನಂಜಪ್ಪ’ ಅನ್ನುತ್ತಿದ್ದ. ಹಾಗೆ ಹಾಕುತ್ತ ಹಾಕುತ್ತ ನಮ್ಮ ಟೆಂಪೋದ ಅಡಿ ಹಳೇಬೀಡಿನ ದೇವಸ್ಥಾನದ ಗೋಡೆಯಂತಾಗಿತ್ತು. ಇದು ನನ್ನ ಹೋಲಿಕೆಯಲ್ಲ, ಅಪ್ಪನದು. ನನ್ನನ್ನೂ ಅವ್ವನನ್ನೂ ಒಮ್ಮೆ ದೇವಸ್ಥಾನಕ್ಕೆ ಕರೆದುಕೊಂಡು ಹೋದವನು ಶಿಲಾಬಾಲಿಕೆಯರ ಕಡೆ ತಲೆಯನ್ನೂ ಎತ್ತದೆ, ಗೋಡೆಯ ಬುಡದ ಆನೆಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

‘ನೋಡ್ದಾ, ಕೆಳಗಡೆ ಆನೆ ಸಾಲು. ಅದರ ಮ್ಯಾಲೆ ಸಿಂಹ, ಅದರ ಮ್ಯಾಲೆ ಕುದುರೆ. ಒಂದರ ಮ್ಯಾಲೊಂದು. ಇದೇ ಕಣೇ ಪ್ಲೇಟ್ ಸೆಟ್ಟು. ಅದಕ್ಕೇ ಇಷ್ಟು ಕಾಲ ಆದ್ರೂ ಕೂತಿಲ್ಲ.’

ಅವ್ವ ಸೆರಗಿನಲ್ಲಿ ಬೆವರು ಒರೆಸಿಕೊಂಡು, ‘ಅದು ನಿಂತ ಕಡೆ ನಿಂತೈತೆ. ನಿಮ್ ಗಾಡೀಲಿ ಹೋಗಿದ್ರೆ ಆ ಆನೆಗಳ ಸೊಂಟಾನೂ ಮುರೀತಿತ್ತು’ ಅಂದಳು.

ಅವ್ವ ಹೇಳಿದ್ದು ಸುಳ್ಳಲ್ಲ. ಭಾರ ಹೊರುವುದಕ್ಕೆಂದು ಅಷ್ಟು ಬಿಗಿಯಾದ ಪ್ಲೇಟುಗಳು ಭಾರ ಇಲ್ಲದಾಗ ಮಣಿಯುವುದೇ ಇಲ್ಲ. ಗುಂಡಿಗೆ ಬಿದ್ದ ಪೆಟ್ಟನ್ನು ಹಾಗೇ ಮೇಲೆ ಕೂತವರ ಬೆನ್ನಿಗೆ ದಾಟಿಸುತ್ತವೆ. ಊರಿನವರು ನಮ್ಮ ಟೆಂಪೋಗೆ ಎರಡು ಹೆಸರಿಟ್ಟಿದ್ದರು. ಕಾಯಿ ಹೇರಿಕೊಂಡು ಹೋಗುವಾಗ ಗಬ್ಬದ ಹಸು, ಇಳಿಸಿ ಬರುವಾಗ ಗೂಳಿ. ನನಗೆ ಆ ಹಸುವಿನ ಮೇಲೆ ಕೂತ ನೆನಪಿದೆ. ಮೂಟೆಗಳ ಮೇಲೆ ಅಂಗಾತ ಮಲಗಿದರೆ ಗೋಣಿಚೀಲ ಬೆನ್ನನ್ನು ಚುಚ್ಚುತ್ತದೆ, ಮೂಗಿಗೆ ಕೊಬ್ಬರಿಯ ಜಿಡ್ಡು ವಾಸನೆ, ಮೇಲೆ ಹಿಂದಕ್ಕೆ ಓಡುವ ಹುಣಸೆ ಮರಗಳು, ಅಡಿಯಲ್ಲಿ ಇಡೀ ಗಾಡಿ ಮೆಲ್ಲಗೆ ತೂಗುತ್ತಿರುತ್ತದೆ. ತೊಟ್ಟಿಲಿನಲ್ಲಿ ಮಲಗಿದ್ದು ಯಾರಿಗೂ ನೆನಪಿರುವುದಿಲ್ಲ. ನನಗೆ ಇದೇ ತೊಟ್ಟಿಲು.

ಗೂಳಿಯ ನೆನಪು ಅಂದರೆ ಗಂಡಸಿಯದು. ಗಂಡಸಿ ಅವ್ವನ ತವರು. ಒಂದು ಸಲ ಖಾಲಿ ಟೆಂಪೋದಲ್ಲಿ ಅಲ್ಲಿಗೆ ಹೊರಟಾಗ ಅವ್ವ ತನ್ನ ತಾಯಿಗೆಂದು ಗಡ್ಡೆ ಮೊಸರು ತೆಗೆದುಕೊಂಡಳು. ಊರು ತಲುಪಿ ಮುಚ್ಚಳ ತೆಗೆದರೆ ಮೊಸರೇ ಇಲ್ಲ. ಮಜ್ಜಿಗೆ, ಅದರ ಮೇಲೆ ತೇಲುವ ಬೆಣ್ಣೆ. ‘ತಗಳವ್ವ, ನಿನ್ನ ಅಳಿಯ ಕಡೆಯೋ ಕೆಲ್ಸಾನೂ ಮಾಡ್ಕೊಂಡೇ ಬಂದವ್ರೆ’ ಎಂದು ಅವ್ವ ಅಜ್ಜಿಯ ಕೈಗೆ ಪಾತ್ರೆ ಕೊಟ್ಟಳು. ಅಪ್ಪ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಇದು ನಮ್ಮ ಮನೆಯ ಹಳೆಯ ನಗೆಮಾತಾಯಿತು. ನಿಜವಾಗಿ ಬೆಣ್ಣೆ ಬಂದಿತ್ತೋ, ಮೊಸರು ಕದಡಿದ್ದನ್ನೇ ಅವ್ವ ಬೆಣ್ಣೆಯವರೆಗೆ ಬೆಳೆಸಿದಳೋ ಗೊತ್ತಿಲ್ಲ. ಸಾಕ್ಷಿ ಇಲ್ಲದ್ದನ್ನು ನಂಬಬೇಡಿ ಎಂದು ತರಗತಿಯಲ್ಲಿ ಪಾಠ ಹೇಳುವವಳು ನಾನು. ಅವ್ವನ ಬೆಣ್ಣೆಯನ್ನು ಮಾತ್ರ ಇವತ್ತಿಗೂ ನಂಬುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದಾಗ, ಅವ್ವನಿಗೆ ಬೆನ್ನುನೋವು ಶುರುವಾಯಿತು. ಕೊಟ್ಟಿಗೆ ಕೆಲಸದ್ದು, ನೀರು ಹೊತ್ತದ್ದು ಎಂದು ಎಣ್ಣೆ ತಿಕ್ಕಿಕೊಂಡಳು. ಹಾಸನದ ಡಾಕ್ಟರು ಫೋಟೋ ತೆಗೆಸಿ ನೋಡಿ, ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಬೇರೆ. ಎದೆಯಲ್ಲಿ ಎಂದೋ ಹುಟ್ಟಿದ ಗಂಟು ಬೆನ್ನುಮೂಳೆಗೆ ಇಳಿದಿದೆ, ಮೂಳೆ ಒಳಗಿನಿಂದ ಸವೆಯುತ್ತಿದೆ. ಔಷಧಿಗೆ ವಾರವಾರ ಬರಬೇಕು. ‘ಆದಷ್ಟು ಅಲುಗಾಡಿಸದೆ ಕರ್ಕೊಂಡು ಬನ್ನಿ’ ಎಂದರು. ಆ ಡಾಕ್ಟರು ಜಾವಗಲ್ಲಿನಿಂದ ಹಳೇಬೀಡಿಗೆ ಬರುವ ಆಗಿನ ರಸ್ತೆಯನ್ನು ನೋಡಿರಲಿಲ್ಲ ಎಂದು ಕಾಣುತ್ತದೆ.

ಅಷ್ಟು ಹೊತ್ತಿಗೆ ಅವ್ವನಿಗೆ ಕೂರಲು ಆಗುತ್ತಿರಲಿಲ್ಲ, ಹಾಗಾಗಿ ಬಸ್ಸು ಸಾಧ್ಯವಿರಲಿಲ್ಲ. ಬಾಡಿಗೆ ಕಾರಿನಲ್ಲಿ ಕಾಲು ಚಾಚುವಂತಿರಲಿಲ್ಲ. ಕರೆದರೆ ಬರುವ ಆಂಬುಲೆನ್ಸ್ ಆಗ ನಮ್ಮ ಕಡೆ ಇರಲಿಲ್ಲ. ಉದ್ದಕ್ಕೆ ಮಲಗಿಸಿ ಕರೆದುಕೊಂಡು ಹೋಗಲು ನಮಗಿದ್ದದ್ದು ಗೂಳಿಯೊಂದೇ.

ಮೊದಲ ಸಲ ಹುಲ್ಲು ಹರಡಿ, ಮೇಲೆ ಎರಡು ಹಾಸಿಗೆ ಹಾಕಿ ಅವ್ವನನ್ನು ಮಲಗಿಸಿದೆವು. ನಾನು ಪಕ್ಕ ಕೂತೆ. ಅಪ್ಪ ಗಾಡಿಯನ್ನು ನಡಿಗೆಯ ವೇಗದಲ್ಲೇ ಓಡಿಸಿದ. ಆದರೂ ಪ್ರತಿ ಗುಂಡಿಗೂ ಪ್ಲೇಟು ಕೆಳಗಿನಿಂದ ಗುದ್ದುತ್ತಿತ್ತು. ಅವ್ವ ಕೂಗಲಿಲ್ಲ. ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಮುಂದೆ ಕೂತವನಿಗೆ ಕೇಳಿಸಬಾರದು ಎಂದು. ಹಳೇಬೀಡಿನ ಕೆರೆ ಹತ್ತಿರ ಅಪ್ಪ ಗಾಡಿ ನಿಲ್ಲಿಸಿ, ಟೀ ತರಲೇ ಎಂದು ಕೇಳಲು ಹಿಂದಕ್ಕೆ ಬಂದ. ಅವಳ ಬಾಯಲ್ಲಿದ್ದ ಸೆರಗನ್ನು ನೋಡಿದ. ಟೀ ತರಲಿಲ್ಲ. ಕೆರೆಯ ಕಡೆ ಮುಖ ಮಾಡಿಕೊಂಡು ಸ್ವಲ್ಪ ಹೊತ್ತು ನಿಂತಿದ್ದು ಮತ್ತೆ ಹೋಗಿ ಸ್ಟೇರಿಂಗ್ ಹಿಡಿದ.

ನಾನು ದಿನಚರಿ ಬರೆಯುವವಳು. ಆ ದಿನದ ಪುಟ ತೆಗೆದು ನೋಡಿದೆ. ‘ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಹೋದೆವು. ರಸ್ತೆ ಚೆನ್ನಾಗಿಲ್ಲ’ ಎಂದಷ್ಟೇ ಇದೆ. ಅದರ ಹಿಂದಿನ ಪುಟದಲ್ಲಿ ಹಾಸ್ಟೆಲಿನ ಸಾರಿನ ಬಗ್ಗೆ ಉದ್ದದ ದೂರು. ಹಾಗಾಗಿ ಸೆರಗು, ಕೆರೆ, ಕುಡಿಯದ ಟೀ, ಇವೆಲ್ಲ ನೆನಪಿನ ಮಾತು. ಓದುವ ನೀವು ಅಷ್ಟು ರಿಯಾಯಿತಿ ಇಟ್ಟುಕೊಂಡೇ ಓದಬೇಕು.

ಮಾರನೆಯ ದಿನ ಅಪ್ಪ ಟೆಂಪೋವನ್ನು ರುದ್ರಣ್ಣನ ಮುಂದೆ ನಿಲ್ಲಿಸಿದ. ಮೈಸೂರಿನ ರೈಲು ಹತ್ತಲು ನಾನೂ ಜೊತೆಗೆ ಬಂದಿದ್ದೆ; ಅಲ್ಲಿಂದ ಮುಂದೆ ಅವ್ವನನ್ನು ಹಾಸನಕ್ಕೆ ಕರೆದೊಯ್ಯುವ ದಿನಕ್ಕೆ ಊರಿಗೆ ಬಂದು ಹೋಗುತ್ತಿದ್ದೆ.

‘ಪ್ಲೇಟ್ ತೆಗೀಬೇಕು’ ಅಂದ ಅಪ್ಪ.

‘ಮುರದೈತಾ?’

‘ಇಲ್ಲ.’

‘ಮತ್ತೆ ಯಾಕ್ಲಾ ತೆಗೆಯೋದು? ಇಷ್ಟು ವರ್ಷದಾಗೆ ನಾನು ಹಾಕಿದ ಪ್ಲೇಟ್ನ ಯಾವನೂ ತೆಗ್ಸಿಲ್ಲ ಕಣಪ್ಪ.’

‘ಕುಕ್ತದೆ.’

‘ಕುಕ್ಕದೆ ಮುತ್ತು ಕೊಡ್ತದಾ? ಲಗೇಜ್ ಗಾಡಿ ಕಣೋ ಅದು. ಕಾಯಿಗೇನು ನೋವಾಯ್ತದಾ?’

‘ಕಾಯಿಗಲ್ಲ ರುದ್ರಣ್ಣ. ಜಯಮ್ಮನ್ನ ಮಲಗಿಸ್ಕೊಂಡು ಹಾಸನಕ್ಕೆ ಹೋಗ್ಬೇಕು’ ಎಂದು ಅಪ್ಪ ಅವ್ವನ ಹೆಸರು ಹಿಡಿದು ಹೇಳಿದ. ಅವನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ರುದ್ರಣ್ಣ ಜಾಕಿ ಹಾಕಿದ.

ಅಲ್ಲಿಂದ ಮುಂದೆ ಅವರಿಬ್ಬರೂ ಮಾಡಿದ್ದೆಲ್ಲ ಒಂದಾದ ಮೇಲೊಂದು ತಪ್ಪುಗಳೇ. ಮೊದಲು ಜಾಸ್ತಿ ಹಾಕಿದ್ದ ಪ್ಲೇಟುಗಳನ್ನು ಕಿತ್ತರು. ಮುಂದಿನ ವಾರ ಗಾಡಿ ಕುಕ್ಕಲಿಲ್ಲ, ಆದರೆ ಒಂದು ಗುಂಡಿಗೆ ಬಿದ್ದದ್ದು ಇನ್ನೊಂದು ಗುಂಡಿ ಬರುವವರೆಗೂ ಮೇಲೆ ಕೆಳಗೆ ಉಯ್ಯಾಲೆಯಾಡಿತು. ಅವ್ವ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು. ‘ಆವಾಗ ಒನಕೆ, ಈವಾಗ ಜೋಕಾಲಿ’ ಎಂದಳು, ಬಾಯಿ ಒರೆಸಿಕೊಂಡು. ಕುಣಿತವನ್ನು ಹಿಡಿದು ನಿಲ್ಲಿಸುವ ಶಾಕಬ್ಸರುಗಳು ಎಂದೋ ಸತ್ತಿದ್ದು ಆಗ ಗೊತ್ತಾಯಿತು. ಕಾಯಿ ಹೇರುವವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಹೊಸದನ್ನು ಹಾಕಿಸಿದರು. ಉಳಿದ ಪ್ಲೇಟುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ನಡುವೆ ಗ್ರೀಸು ಸವರಿ ಮತ್ತೆ ಬಿಗಿದರು. ಟೈರಿನ ಗಾಳಿ ಇಳಿಸಿದರು. ಬಹಳ ಇಳಿಸಿದ್ದಕ್ಕೆ ಒಂದು ಟೈರು ಹಳೇಬೀಡಿನ ಈಚೆಗೇ ಕೈಕೊಟ್ಟಿತು. ಅಪ್ಪ ಜಾಕಿ ಏರಿಸುವಾಗ ಅವ್ವ ಒಳಗೆ ಮಲಗಿದ್ದಲ್ಲಿಂದಲೇ, ‘ಇದೊಂದೇ ನೋಡಿ ಅಲುಗಾಡದೆ ನಿಂತ ಜಾಗ, ಇಲ್ಲೇ ಇದ್ಬುಡಾನ’ ಅಂದಳು.

ಕೊನೆಗೂ ಮೆತ್ತಗಾಗಿಸಿದ್ದು ಮರಳು. ಅದನ್ನು ಕಂಡುಹಿಡಿದವರು ಯಾರು? ಅಪ್ಪ ತಾನೇ ಅನ್ನುತ್ತಿದ್ದ, ರುದ್ರಣ್ಣ ತಾನೇ ಅನ್ನುತ್ತಿದ್ದ. ನನ್ನ ನೆನಪಿನಲ್ಲಿ ಅದು ಅವ್ವನ ಮಾತು. ‘ತುಂಬಿದ್ರೆ ಗಬ್ಬದ ಹಸು ಅಂತೀರಲ್ಲ, ತುಂಬಿಸ್ಕೊಂಡೇ ಹೋಗಿ ಮತ್ತೆ’ ಎಂದು ಅವಳು ಅಂದ ಹಾಗೆ ನೆನಪು. ಮೂರು ಜನರೂ ಸರಿ ಇರಬಹುದು. ಅಪ್ಪ ಹಳ್ಳದಿಂದ ಮರಳು ತುಂಬಿದ ಚೀಲಗಳನ್ನು ತಂದು ಟೆಂಪೋದ ನೆಲದ ತುಂಬ ಒತ್ತೊತ್ತಾಗಿ ಜೋಡಿಸಿದ. ಅದರ ಮೇಲೆ ಹುಲ್ಲು, ಹಾಸಿಗೆ, ಅವ್ವ. ಪ್ಲೇಟುಗಳು ಭಾರಕ್ಕೆ ಬಾಗಿದವು, ಗಾಡಿ ಭೂಮಿಯ ಕಡೆ ಇಳಿಯಿತು, ಗೂಳಿ ಹಸುವಾಯಿತು.

ಊರಿಗೆಲ್ಲ ಅದೊಂದು ನೋಟವಾಯಿತು. ‘ಏನ್ಲಾ ನಂಜಪ್ಪ, ಹಾಸನದಾಗೆ ಮರಳಿಗೆ ಬರ ಬಂದೈತಾ?’ ಎಂದು ಟೀ ಅಂಗಡಿಯಲ್ಲಿ ಕೂತವರು ಕೂಗುತ್ತಿದ್ದರು. ಸಂಜೆ ಅದೇ ಮರಳಿನ ಜೊತೆ ವಾಪಸ್ಸು ಬಂದಾಗ, ‘ಯಾರೂ ತಗಳ್ಳಿಲ್ವಾ? ನಾಳಿಕೆ ಬೇಲೂರಿಗೆ ತಗಂಡೋಗು’ ಎನ್ನುತ್ತಿದ್ದರು. ಅಪ್ಪನೂ ನಗುತ್ತಿದ್ದ. ಅವರಿಗೆಲ್ಲ ವಿಷಯ ಗೊತ್ತಿತ್ತು. ಹಾಸ್ಯ ಮಾಡಿದವರೇ ಬೆಳಗಾಗುವ ಮುಂಚೆ ಬಂದು ಚೀಲಕ್ಕೆ ಕೈ ಹಾಕಿ ಹೇರಿಸಿಯೂ ಕೊಡುತ್ತಿದ್ದರು. ಪ್ಲೇಟು ಕಮ್ಮಿಯಾದ ಗಾಡಿಗೆ ಮೊದಲಿನಷ್ಟು ಕಾಯಿ ಹೇರುವಂತಿರಲಿಲ್ಲ. ಮಂಡಿಯ ಯಜಮಾನರು, ‘ನಿನ್ ಗಾಡಿ ಈಗ ಕೂತ್ಬುಡ್ತದೆ ಕಣಪ್ಪ’ ಎಂದು ದೊಡ್ಡ ಲೋಡುಗಳನ್ನು ಬೇರೆಯವರಿಗೆ ಕೊಟ್ಟರು. ಎಂದೂ ಕೂರದ ಗಾಡಿ ಎಂದು ಜಂಬ ಪಡುತ್ತಿದ್ದವನು ‘ಹೌದು ಸ್ವಾಮಿ, ಕೂರ್ತದೆ’ ಎಂದು ಒಪ್ಪಿಕೊಂಡು ಬಂದನಂತೆ.

ಮರಳು ತುಂಬಿದ ಮೇಲೂ ಅವ್ವ ತನ್ನದೊಂದು ಪರೀಕ್ಷೆ ಇಟ್ಟಳು. ಹೊರಡುವ ಹಿಂದಿನ ಸಂಜೆ ಸ್ಟೀಲಿನ ಡಬ್ಬಿಯಲ್ಲಿ ಹಾಲು ಹಾಕಿ ತಾನೇ ಹೆಪ್ಪು ಹಾಕಿದಳು. ಬೆಳಗ್ಗೆ ಅದನ್ನು ತನ್ನ ಹಾಸಿಗೆಯ ಪಕ್ಕದಲ್ಲೇ ಇಡಿಸಿಕೊಂಡಳು. ‘ಗಂಡಸಿ ದಾರೀಲಿ ಬೆಣ್ಣೆ ತೆಗ್ದ ಗಾಡಿ ಇದು. ಇವತ್ತು ನೋಡಾನ’ ಅಂದಳು. ಅಪ್ಪ ಆ ದಿನ ಓಡಿಸಿದ ಹಾಗೆ ಎಂದೂ ಗಾಡಿ ಓಡಿಸಿರಲಿಲ್ಲ. ಅವನ ಬೆನ್ನ ಹಿಂದೆ ಒಂದು ಕೈಯಗಲದ ಕಿಟಕಿಯಿತ್ತು. ಪ್ರತಿ ಗುಂಡಿಗೆ ಮೊದಲು ಅದರಿಂದ ಕೂಗುತ್ತಿದ್ದ: ‘ಗುಂಡಿ ಐತೆ ಕಣೇ.’ ಅವ್ವ ಹಾಸಿಗೆಯ ಅಂಚು ಹಿಡಿದುಕೊಂಡು ‘ಹೂಂ’ ಅನ್ನುತ್ತಿದ್ದಳು. ಹೂಂ ಕೇಳಿಸಿದ ಮೇಲೆಯೇ ಅವನು ಚಕ್ರ ಇಳಿಸುತ್ತಿದ್ದದ್ದು. ಕೇಳಿಸದಿದ್ದರೆ ಗುಂಡಿಯ ಮುಂದೆಯೇ ಗಾಡಿ ನಿಲ್ಲಿಸಿ ಕಾಯುತ್ತಿದ್ದ. ಹಿಂದಿನಿಂದ ಬಸ್ಸುಗಳು ಹಾರ್ನು ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದವು. ಬೇಲೂರು ಹಳೇಬೀಡು ನೋಡಲು ಬಂದ ಟೂರಿಸ್ಟ್ ಬಸ್ಸಿನ ಕಿಟಕಿಗಳಿಂದ ಜನ ನಮ್ಮನ್ನೂ ನೋಡುತ್ತಿದ್ದರು.

ಹಾಸನದ ಆಸ್ಪತ್ರೆಯ ಅಂಗಳದಲ್ಲಿ ಅವ್ವ ಮುಚ್ಚಳ ತೆಗೆಸಿದಳು. ಮೊಸರು ಹಾಕಿದ ಹಾಗೇ ಇತ್ತು. ಕೆನೆ ಬಿರಿದಿರಲಿಲ್ಲ, ಅಂಚಿನಲ್ಲಿ ನೀರೂ ಬಿಟ್ಟಿರಲಿಲ್ಲ. ಅಪ್ಪ ಬಗ್ಗಿ ನೋಡಿದ. ಬೆರಳಿನಿಂದ ಮುಟ್ಟಲು ಹೋದವನ ಕೈಗೆ ಅವ್ವ ಮೆಲ್ಲಗೆ ಹೊಡೆದು, ‘ಇರಿ, ಇನ್ನೊಂದು ಗಳಿಗೆ ನೋಡಾನ’ ಅಂದಳು. ನಾವು ಮೂವರೂ ಒಂದು ಡಬ್ಬಿ ಮೊಸರನ್ನು ನೋಡುತ್ತ ನಿಂತಿದ್ದೆವು. ಹೊಯ್ಸಳರ ಶಿಲ್ಪವನ್ನೂ ನಾವು ಹಾಗೆ ನೋಡಿರಲಿಲ್ಲ. ಆಮೇಲೆ ಅದನ್ನು ಅನ್ನಕ್ಕೆ ಕಲೆಸಿಕೊಂಡು ಉಂಡೆವು. ಅವ್ವ ಎರಡು ತುತ್ತು ತಿಂದಳು. ಆ ಕಾಯಿಲೆಯಲ್ಲಿ ನಮಗೆ ಸಿಕ್ಕ ಒಂದೇ ಒಂದು ಗೆಲುವು ಅದು. ಅಂದಿನಿಂದ ಪ್ರತಿ ವಾರವೂ ಮೊಸರಿನ ಡಬ್ಬಿ ಅವ್ವನ ಜೊತೆ ಹೊರಟಿತು. ಗಡ್ಡೆ ಒಡೆಯದೆ ತಲುಪಿದರೆ ಅಪ್ಪನ ಮುಖ ಅರಳುತ್ತಿತ್ತು. ಡಾಕ್ಟರು ಏನು ಹೇಳಿದರು ಎನ್ನುವುದು ಆಮೇಲಿನ ಮಾತು.

ಡಾಕ್ಟರು ಹೇಳುವುದು ಕಮ್ಮಿಯಾಗುತ್ತ ಬಂತು. ರಸ್ತೆಯ ನೋವನ್ನು ಅಪ್ಪ ಗೆದ್ದ. ಆದರೆ ಮನೆಯಲ್ಲಿ, ಅಲುಗಾಡದ ನೆಲದ ಮೇಲೆ, ಸುಮ್ಮನೆ ಮಲಗಿದ್ದಾಗಲೇ ಅವ್ವನಿಗೆ ನೋವು ಬರತೊಡಗಿತು. ಅದಕ್ಕೆ ತೆಗೆಯುವ ಪ್ಲೇಟು ಯಾವುದೂ ಇರಲಿಲ್ಲ. ಆಗಲೂ ಅಪ್ಪ ಸಂಜೆ ಹೊತ್ತು ಟೆಂಪೋದ ಕೆಳಗೆ ನುಸುಳಿ ಗ್ರೀಸು ಸವರುತ್ತ, ಬೋಲ್ಟು ಬಿಗಿಯುತ್ತ ಇರುತ್ತಿದ್ದ. ಒಳಗೆ ಬಾ ಎಂದರೆ, ‘ಒಂದು ಕಡೆ ಕಿರ್ ಅಂತೈತೆ, ಬತ್ತೀನಿ ತಡಿ’ ಎನ್ನುತ್ತಿದ್ದ.

ಕೊನೆಯ ಸಲ ಹೊರಟಾಗ ಹೆಪ್ಪು ಹಾಕಿದ್ದು ನಾನು. ಅವ್ವನಿಗೆ ಕೈ ಎತ್ತಲು ಆಗುತ್ತಿರಲಿಲ್ಲ. ‘ಗುಂಡಿ ಐತೆ ಕಣೇ’ ಎಂದು ಅಪ್ಪ ಕೂಗಿದಾಗ ಹೂಂ ಬರಲು ತಡವಾಗುತ್ತಿತ್ತು, ಅಪ್ಪ ಕಾಯುತ್ತಿದ್ದ, ಕೊನೆಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅವಳನ್ನು ಇಳಿಸಿಕೊಂಡರು. ಡಬ್ಬಿ ಟೆಂಪೋದಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಅವ್ವ ಹೋದಳು.

ವಾಪಸ್ಸು ಮಲಗಿಸುವಾಗ ಕೈ ಹಿಡಿಯಲು ಬಂದ ವಾರ್ಡಿನವನೊಬ್ಬ ಒಳಗಿನ ಚೀಲಗಳನ್ನು ನೋಡಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ: ‘ಯಜಮಾನ್ರೇ, ಮರಳು ಇಲ್ಲೇ ಇಳಿಸ್ಬುಡಿ. ಗಾಡಿ ಹಗುರಾಗ್ತದೆ. ಬೇಗ ಊರು ಸೇರ್ಬೌದು.’

ಅಪ್ಪ ಹಾಸಿಗೆಯ ಅಂಚನ್ನು ಸರಿಮಾಡುತ್ತಿದ್ದವನು ತಲೆ ಎತ್ತದೆ, ‘ಹಗುರಾದ್ರೆ ಕುಕ್ತದೆ’ ಅಂದ.

ಮರಳಿನ ಜೊತೆಯೇ ಹೊರಟೆವು. ಅದೇ ನಿಧಾನ. ಹಾಸನ ದಾಟಿದ ಮೇಲೆ ಮೊದಲ ಗುಂಡಿ ಬಂತು. ಕಿಟಕಿಯಿಂದ ಅಪ್ಪನ ದನಿ ಬಂತು: ‘ಗುಂಡಿ ಐತೆ ಕಣೇ.’ ಗಾಡಿ ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಮೆಲ್ಲಗೆ ಇಳಿಯಿತು. ಹೀಗೇ ಪ್ರತಿ ಗುಂಡಿಗೂ. ಹಳೇಬೀಡಿನ ಕೆರೆ, ದೇವಸ್ಥಾನದ ತಿರುವು, ಜಾವಗಲ್ ದಾರಿಯ ಹುಣಸೆ ಮರಗಳು. ಪ್ರತಿ ಸಲ ಕೂಗಿದ, ನಿಂತ, ಇಳಿಸಿದ. ನಾನು ಅವ್ವನ ಪಕ್ಕ ಕೂತಿದ್ದೆ. ನನ್ನ ದುಪಟ್ಟಾದ ತುದಿ ನನ್ನ ಬಾಯಲ್ಲಿತ್ತು. ಇದೊಂದು ಮಾತ್ರ ನನಗೆ ಖಂಡಿತ ಗೊತ್ತು. ಬಾಯಿಂದ ಒಂದು ಸದ್ದು ಹೊರಟರೂ ಅದು ಅಲ್ಲಿಗೆ ನಿಲ್ಲುವುದಿಲ್ಲ ಎಂದು ಹೆದರಿ, ಹಲ್ಲು ಕಚ್ಚಿ ಕೂತಿದ್ದೆ.

ಎಲ್ಲ ಮುಗಿದ ಮೇಲೆ ಪಕ್ಕದ ಮನೆಯವರು ಟೆಂಪೋ ಗುಡಿಸಲು ಹೋದಾಗ ಮೂಲೆಯಲ್ಲಿ ಡಬ್ಬಿ ಸಿಕ್ಕಿತು. ‘ಮೊಸರು ಹಾಗೇ ಐತಲ್ಲವ್ವ, ಒಂಚೂರೂ ಒಡೆದಿಲ್ಲ’ ಎಂದು ತಂದು ತೋರಿಸಿದರು. ಸೂತಕದ ಮನೆಯಲ್ಲಿ ಅದನ್ನು ಯಾರೂ ತಿನ್ನಲಿಲ್ಲ. ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದೆ.

ತಿಥಿಯಾದ ಮೇಲೆ ಮರಳು ಹಳ್ಳಕ್ಕೆ ಹೋಯಿತು, ಪ್ಲೇಟುಗಳು ಗಾಡಿಗೆ ಬಂದವು. ಕೊಬ್ಬರಿಯ ಕಾಲ, ಬದುಕಬೇಕಲ್ಲ. ರುದ್ರಣ್ಣನೇ ಜಾವಗಲ್ಲಿಗೆ ಬಂದು ಹಾಕಿಕೊಟ್ಟ. ಇನ್ನೊಂದು ಜಾಸ್ತಿ ಹಾಕ್ಬುಡಾನ ಎಂದು ಅವನು ಹೇಳದೆ ಹೋದದ್ದು ಅದೊಂದು ಸಲ. ಗೂಳಿ ಮತ್ತೆ ಗೂಳಿಯಾಯಿತು. ಅಪ್ಪ ಅದನ್ನು ಇನ್ನೂ ಕೆಲವು ವರ್ಷ ಓಡಿಸಿದ. ನಾನು ಅರಸೀಕೆರೆಯ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಕಣ್ಣು ಮಂಜಾಗುತ್ತಿದೆ ಎಂದು ಮಾರಿಬಿಟ್ಟ.

ಮಾರಿದ ದಿನ ನಾನೂ ಜೊತೆಗಿದ್ದೆ. ಕೀಲಿಕೈ ಕೊಟ್ಟು ಅರಸೀಕೆರೆಯ ಬಸ್ ಸ್ಟ್ಯಾಂಡಿಗೆ ಬಂದು ಇಬ್ಬರೂ ಜಾವಗಲ್ ಬಸ್ಸು ಹತ್ತಿದೆವು. ಬಸ್ಸಿನ ಸೀಟಿನಲ್ಲಿ ಅಪ್ಪನಿಗೆ ಕೈ ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ. ತೊಡೆಯ ಮೇಲಿಟ್ಟ, ಮುಂದಿನ ಸೀಟಿನ ಕಂಬಿ ಹಿಡಿದ, ಬಿಟ್ಟ. ಊರು ದಾಟಿದ ಮೇಲೆ ಒಂದು ಗುಂಡಿ ಬಂತು. ಅವನ ತುಟಿ ಅಲುಗಿತು. ಆಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ:

‘ಮಗ, ಅವತ್ತು ನಿಮ್ಮವ್ವನ್ನ ಕರ್ಕೊಂಡು ಬರೋವಾಗ ನೀನು ಹೂಂ ಅಂತಿದ್ದಲ್ಲ.’

‘ಯಾವತ್ತಪ್ಪ?’

‘ಕೊನೇ ಸಲ. ನಾನು ಅಭ್ಯಾಸಬಲ, ಕೂಗ್ಬುಟ್ಟೆ. ಕೂಗಿದ ಮ್ಯಾಲೆ ಇನ್ ಗಾಡಿ ಓಡ್ಸಕ್ಕಾಗಲ್ಲ ಅಂದ್ಕೊಂಡೆ. ಅಷ್ಟರಾಗೆ ಹಿಂದಿಂದ ನೀನು ಹೂಂ ಅಂದೆ. ಊರು ಸೇರೋಗಂಟ ಒಂದ್ ಗುಂಡಿಗೂ ತಪ್ಪಿಸ್ಲಿಲ್ಲ ನೀನು. ಅದಕ್ಕೇ ಬಂದು ಮುಟ್ಟಿದ್ದು ನಾವು.’

ನಾನು ಅವನ ಮುಖ ನೋಡಿದೆ. ಬಾಯೊಳಗೆ ದುಪಟ್ಟಾದ ನೂಲಿನ ರುಚಿ ಇನ್ನೂ ಇತ್ತು. ನಾನು ಹೂಂ ಅಂದಿರಲಿಲ್ಲ. ಹೇಳಲು ಬಾಯಿ ತೆರೆದೆ ಕೂಡ. ಆಮೇಲೆ ಯೋಚನೆ ಬಂತು: ನಾನಲ್ಲ ಎಂದರೆ ಅವನಿಗೆ ಕೇಳಿಸಿದ್ದು ಏನು? ಅಥವಾ ನಾನೇ ಅಂದಿದ್ದು, ಬಾಯಲ್ಲಿ ಬಟ್ಟೆ ಇದ್ದದ್ದು ಬೇರೊಂದು ದಿನವೇ? ಮೊದಲ ಸಲ ಅವ್ವನ ಬಾಯಲ್ಲಿ ಕಂಡ ಸೆರಗನ್ನು ನನ್ನ ನೆನಪು ತಂದು ನನ್ನ ಬಾಯಿಗೆ ತುರುಕಿತೇ? ದಿನಚರಿಯಲ್ಲಿ ಆ ದಿನದ ಪುಟ ಖಾಲಿಯಿದೆ. ಖಂಡಿತ ಗೊತ್ತು ಎಂದು ಈಗ ತಾನೇ ಮೇಲೆ ಬರೆದಿದ್ದೇನೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ.

‘ನೀನೇ ತಾನೇ ಮಗ ಅಂದಿದ್ದು?’ ಎಂದು ಅಪ್ಪ ಈಗ ನನ್ನ ಕಡೆ ತಿರುಗಿ ಕೇಳಿದ. ಮಂಜಾದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಕಾಯುತ್ತಿದ್ದ, ಗುಂಡಿಯ ಮುಂದೆ ಗಾಡಿ ನಿಲ್ಲಿಸಿ ಕಾಯುತ್ತಿದ್ದ ಹಾಗೆಯೇ.

ಬಸ್ಸು ಮುಂದಿನ ಗುಂಡಿಗೆ ಇಳಿಯುತ್ತಿತ್ತು.

‘ಹೂಂ’ ಅಂದೆ.